ಮೂರು ಕೆರೆಗೆ ಒಂದು ಬಾಟಲಿ ನೀರು ಸಾಲದು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು ಕಡೆಯ ಎಷ್ಟೋ ಅಡಿಕೆ ತೋಟಗಳಲ್ಲಿ ಎರಡು ಮೂರು ಕೆರೆಗಳು ಒಂದಕ್ಕೊಂದು ಸೇರಿಕೊಂಡಿರುತ್ತವೆ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮೇಲಿನ ಹೊಂಡಕ್ಕೆ ಬೀಳುತ್ತದೆ. ಅದು ತುಂಬಿದರೆ ಪೈಪಿನಲ್ಲೋ ಕಣಿಯಲ್ಲೋ ನಡುವಿನ ಕೆರೆಗೆ ಹೋಗುತ್ತದೆ, ಅಲ್ಲಿಂದ ತೋಡಿನ ಬದಿಯ ಕೆರೆಗೆ. ಬೇಸಗೆಯಲ್ಲಿ ಅದೇ ನೀರು ಪಂಪಿನಲ್ಲಿ ಮತ್ತೆ ಮೇಲಕ್ಕೆ ಹತ್ತುತ್ತದೆ.

ಪರೀಕ್ಷೆಗೆ ಬರುವ ಬಾಟಲಿ ಮಾತ್ರ ಒಂದೇ. ಅದೂ ಹೆಚ್ಚಾಗಿ ಮೇಲಿನ ಹೊಂಡದ್ದು, ದಡದಲ್ಲಿ ನಿಂತು ಮುಳುಗಿಸಿದ್ದು. "ನಮ್ಮ ನೀರು ಒಳ್ಳೆದುಂಟಲ್ವಾ?" ಎಂದು ಕೇಳುತ್ತಾರೆ. ವರದಿಯೂ ಒಳ್ಳೆಯದೇ ಬರುತ್ತದೆ. ಆದರೆ ಡ್ರಿಪ್ಪಿನ (ಹನಿ ನೀರಾವರಿಯ) ತೂತು ಕಟ್ಟುವುದು ನಿಲ್ಲುವುದಿಲ್ಲ. ಪರೀಕ್ಷೆ ತಪ್ಪಿಲ್ಲ, ನೀರು ತೆಗೆದ ಜಾಗ ತಪ್ಪಿದೆ.

ನಮ್ಮದು ಮುರಕಲ್ಲಿನ ಊರು. ಆ ಕಲ್ಲಿನ ಕೆಂಪಿಗೆ ಕಬ್ಬಿಣವೇ ಕಾರಣ. ಕೆರೆಯ ತಳದಲ್ಲಿ ಸೋಗೆ, ತರಗೆಲೆ ಕೊಳೆಯುವಾಗ ಅಲ್ಲಿನ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಕೆಸರಿನ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ. ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಲೋಟದಲ್ಲಿ ಹಿಡಿದರೆ ತಿಳಿ ನೀರೇ. ಪಂಪು ಅದನ್ನು ಎಳೆದು ಗಾಳಿ ತಾಗಿದ ಮೇಲೆ ತುಕ್ಕಾಗಿ ತೂತಿನಲ್ಲಿ ಕೂರುತ್ತದೆ. ಕಬ್ಬಿಣ ಲೀಟರಿಗೆ 0.1 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಡ್ರಿಪ್ಪಿಗೆ ಚಿಂತೆಯಿಲ್ಲ. 1.5 ದಾಟಿದರೆ ಹಾಗೇ ಬಿಡಲೇಬಾರದು. ಜಾಲರಿ ಫಿಲ್ಟರ್ ಹಾಕಿದರೆ ಸಾಕು ಅಂದುಕೊಳ್ಳಬೇಡಿ. ಕರಗಿದ್ದನ್ನು ಜಾಲರಿ ಹಿಡಿಯುವುದಿಲ್ಲ.

ಇಲ್ಲಿ ಕೆರೆಗಳ ಜೋಡಣೆಯೇ ಉಪಕಾರಕ್ಕೆ ಬರುತ್ತದೆ. ಎತ್ತಿದ ನೀರನ್ನು ಮೇಲಿನ ಹೊಂಡಕ್ಕೆ ಎತ್ತರದಿಂದ, ಚದುರಿ ಬೀಳುವಂತೆ ಬಿಡಿ. ಗಾಳಿ ತಾಗಿ ತುಕ್ಕು ಅಲ್ಲೇ ತಳಕ್ಕೆ ಇಳಿಯಲಿ. ಡ್ರಿಪ್ಪಿಗೆ ನೀರನ್ನು ಮೇಲ್ಮೈಗಿಂತ ಸ್ವಲ್ಪ ಕೆಳಗಿನಿಂದ ತೆಗೆಯಿರಿ. ಕೆರೆಯ ಮೇಲೆ ಎಣ್ಣೆಯಂಥ ಪದರ ಕಂಡರೆ ಕೋಲಿನಿಂದ ಕದಡಿ ನೋಡಿ. ಚೂರು ಚೂರಾಗಿ ಒಡೆದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ್ದು, ಮತ್ತೆ ಕೂಡಿಕೊಂಡರೆ ಪಂಪಿನ ಎಣ್ಣೆ.

ಕೆಳಗಿನ ಕೆರೆಗೆ ಇನ್ನೊಂದು ಪರೀಕ್ಷೆ ಬೇಕು, ತಾಮ್ರದ್ದು. ಅಡಿಕೆಯ ಕೊಳೆರೋಗಕ್ಕೆ ಬಿಡುವ 1 ಶೇಕಡಾ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ. ಮಳೆಗೆ ತೊಳೆದುಹೋದದ್ದು ಕಣಿಯಲ್ಲಿ ಇಳಿದು ಕೊನೆಯ ಕೆರೆಯ ಕೆಸರಿನಲ್ಲಿ ಸೇರುತ್ತದೆ. ನೀರು ಹುಳಿಯಾದಷ್ಟೂ ಅದು ಕೆಸರು ಬಿಟ್ಟು ನೀರಿಗೆ ಬರುತ್ತದೆ. ಕಾಯಂ ನೀರಾವರಿಗೆ ಲೀಟರಿಗೆ 0.2 ಮಿಲಿಗ್ರಾಮ್ ಮಿತಿ. ಆ ಕೆಸರನ್ನು ತೋಡಿ ಬುಡಕ್ಕೆ ಹಾಕುವ ಮೊದಲೂ ಒಮ್ಮೆ ಪರೀಕ್ಷೆ ಮಾಡಿಸಿ.

ಕುಂಬಳೆ, ಮೊಗ್ರಾಲು, ಚಂದ್ರಗಿರಿ ಹೊಳೆಯ ಬದಿಯವರಿಗೆ ಉಪ್ಪೇ ದೊಡ್ಡ ಭಯ. ವಿದ್ಯುತ್ ವಾಹಕತೆ ಅಳೆಯುವ ಕೈಮೀಟರ್ ಒಂದು ಇಟ್ಟುಕೊಳ್ಳಿ, ಉಪ್ಪು ಹೆಚ್ಚಿದಷ್ಟೂ ಆ ಅಂಕೆ ಏರುತ್ತದೆ. ಪ್ರತಿ ಮೀಟರಿಗೆ 0.7 ಡೆಸಿಸೀಮನ್ಸ್ ತನಕ ತೊಂದರೆಯಿಲ್ಲ, ಕೈಮೀಟರಿನಲ್ಲಿ ಅದು ಪ್ರತಿ ಸೆಂಟಿಮೀಟರಿಗೆ 700 ಮೈಕ್ರೊಸೀಮನ್ಸ್ ಎಂದು ಕಾಣಬಹುದು. ಉಪ್ಪುನೀರು ಭಾರ, ತಳದಲ್ಲಿ ನಿಲ್ಲುತ್ತದೆ. ಫುಟ್‌ವಾಲ್ವ್ (ಪಂಪಿನ ಪೈಪು ನೀರೆಳೆಯುವ ತುದಿ) ಇರುವುದೂ ಅಲ್ಲೇ! ಅದಕ್ಕೇ ಮಾರ್ಚಿನ ನಂತರ, ಉಬ್ಬರದ ಹೊತ್ತಿಗೆ, ತಳದ ನೀರನ್ನೇ ಅಳೆಯಿರಿ. ತೆಂಗು ಒಂದಷ್ಟು ಉಪ್ಪು ತಾಳುತ್ತದೆ, ಅಡಿಕೆ ತಾಳುವುದಿಲ್ಲ.

ಹಾಗಾದರೆ ಎಷ್ಟು ಬಾಟಲಿ? ಪ್ರತಿ ಕೆರೆಗೆ ನೀರು ಬರುವಲ್ಲಿ ಮತ್ತು ಹೊರಡುವಲ್ಲಿ, ಒಂದೇ ಬೆಳಗ್ಗೆ ಕೈಮೀಟರಿನಲ್ಲಿ ವಾಹಕತೆ, ಪಿಎಚ್ (ನೀರಿನ ಹುಳಿಯ ಅಳತೆ) ಎರಡನ್ನೂ ನೋಡಿ. ಮಧ್ಯಾಹ್ನ ಬೇಡ, ಬಿಸಿಲಿಗೆ ಪಾಚಿ ಪಿಎಚ್ ಏರಿಸುತ್ತದೆ. ಅಂಕೆ ಎಲ್ಲಿ ಬದಲಾಗುತ್ತದೋ ಅಲ್ಲಿ ಏನೋ ಸೇರುತ್ತಿದೆ. ಹಟ್ಟಿ ತೊಳೆದ ನೀರಿರಬಹುದು, ರಬ್ಬರ್ ಶೀಟಿನ ಆ್ಯಸಿಡ್ ನೀರಿರಬಹುದು. ಲ್ಯಾಬಿಗೆ ಆ ಜಾಗದ್ದೊಂದು, ಪಂಪು ಹತ್ತು ನಿಮಿಷ ಓಡಿದ ಮೇಲೆ ಪೈಪಿನದ್ದೊಂದು ಕಳಿಸಿ. ಕಬ್ಬಿಣ, ತಾಮ್ರಕ್ಕೆ ಆ್ಯಸಿಡ್ ಹಾಕಿದ ಬಾಟಲಿಯನ್ನು ಲ್ಯಾಬಿನಿಂದಲೇ ಕೇಳಿ ಪಡೆಯಿರಿ. ಇಲ್ಲದಿದ್ದರೆ ದಾರಿಯಲ್ಲೇ ಕಬ್ಬಿಣ ಬಾಟಲಿಯ ತಳಕ್ಕೆ ಇಳಿದು, ವರದಿಯಲ್ಲಿ ಸುಮ್ನೆ ಕಡಿಮೆ ತೋರಿಸುತ್ತದೆ. ಬಾಟಲಿಯ ಮೇಲೆ ಯಾವ ಕೆರೆ, ಎಷ್ಟು ಆಳ, ಎಷ್ಟು ಗಂಟೆ ಎಂದು ಬರೆಯಿರಿ. ಕೆಳಗಿನ ಕೆರೆಗೆ ಉಪ್ಪು ಏರಿದೆ ಎಂದು ಗೊತ್ತಾದರೆ ಮಳೆ ಹಿಡಿಯುವ ತನಕ ಅಲ್ಲಿನ ಪಂಪು ಬಂದ್ ಮಾಡಿ. ಮೇಲಿನ ಎರಡು ಕೆರೆಯಾದರೂ ಉಳಿಯುತ್ತವೆ.