ಕುದುರೆಮುಖ ಹತ್ತಿದ ಕರಾವಳಿಯವರಿಗೆ ಕಾಶ್ಮೀರದ ಸರೋವರಗಳ ಚಾರಣ ಒಗ್ಗುತ್ತದೆಯೇ?

ಪ್ರಶ್ನೆ: ನಾವು ಮಂಗಳೂರು ಮತ್ತು ಉಡುಪಿಯ ಒಂಬತ್ತು ಮಂದಿ ಗೆಳೆಯರು. ಕುದುರೆಮುಖ, ಕೊಡಚಾದ್ರಿ, ಕುಮಾರಪರ್ವತಗಳನ್ನು ಹತ್ತಿದ್ದೇವೆ. ಬರುವ ಆಗಸ್ಟ್‌ನಲ್ಲಿ ಕಾಶ್ಮೀರದ ಗ್ರೇಟ್ ಲೇಕ್ಸ್ ಚಾರಣಕ್ಕೆ ಹೋಗುವ ಆಲೋಚನೆಯಿದೆ. ಹುಟ್ಟಿದಂದಿನಿಂದ ಕಡಲ ಬದಿಯಲ್ಲೇ ಬದುಕಿದ ನಮ್ಮಂಥವರಿಗೆ ಅಷ್ಟು ಎತ್ತರ ಒಗ್ಗುತ್ತದೆಯೇ? ನಮ್ಮಲ್ಲಿ ಇಬ್ಬರಿಗೆ ಐವತ್ತು ದಾಟಿದೆ.

ಉತ್ತರ: ಒಗ್ಗುತ್ತದೆ, ಆದರೆ ಅದಕ್ಕೆ ದಿನಗಳನ್ನು ಕೊಡಬೇಕು. ಮಳೆ ಹಿಡಿಯುವ ಹೊತ್ತಿಗೆ ಯಾರಾದರೊಬ್ಬರು ನನ್ನ ಬಳಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ, ಮತ್ತು ಕೇಳುವವರೆಲ್ಲ ತಾವು ಹತ್ತಿದ ಬೆಟ್ಟಗಳ ಪಟ್ಟಿಯನ್ನು ಮೊದಲು ಮುಂದಿಡುತ್ತಾರೆ. ಆ ಪಟ್ಟಿಯಿಂದ ಕಾಲಿನ ಬಗ್ಗೆ ಧೈರ್ಯ ಬರುತ್ತದೆ, ಬರಬೇಕಾದದ್ದೇ. ಉಸಿರಿನ ಬಗ್ಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ.

ಎತ್ತರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕುದುರೆಮುಖದ ತುದಿ 1,894 ಮೀಟರ್, ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ನೀವು ಹೋಗಲಿರುವ ಚಾರಣ ಕೊನೆಗೊಳ್ಳುವ ನಾರಾನಾಗ್ ಎಂಬ ಹಳ್ಳಿ, ಅಂದರೆ ಇಡೀ ದಾರಿಯಲ್ಲಿ ಅತ್ಯಂತ ತಗ್ಗಿನಲ್ಲಿರುವ ಜಾಗ, 2,100 ಮೀಟರ್ ದಾಟಿದ ಎತ್ತರದಲ್ಲಿದೆ. ಆರಂಭದ ಸೋನಾಮಾರ್ಗ್ 2,700 ಮೀಟರಿಗೂ ಮೇಲಿದ್ದು, ದಕ್ಷಿಣ ಭಾರತದ ಅತಿ ಎತ್ತರದ ಶಿಖರವಾದ 2,695 ಮೀಟರಿನ ಆನೆಮುಡಿಯನ್ನೂ ಮೀರಿಸುತ್ತದೆ. ಹಾಗಾಗಿ ನಮ್ಮ ಪಶ್ಚಿಮಘಟ್ಟ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮೇಲೆ ನಿಮ್ಮ ಮೊದಲ ಹೆಜ್ಜೆ ಬೀಳುತ್ತದೆ ಎಂದರೆ ಅದು ಅಲಂಕಾರದ ಮಾತಲ್ಲ, ಅಳತೆಯ ಮಾತು.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಆ ಪಾಲು ಪಣಂಬೂರಿನ ಕಡಲತೀರದಲ್ಲೂ ಕಾಶ್ಮೀರದ ಬೆಟ್ಟದ ಮೇಲೂ ಒಂದೇ, ಶೇಕಡಾ 21ರಷ್ಟು. ಇಳಿಯುವುದು ಗಾಳಿಯ ಒತ್ತಡ. ಒತ್ತಡ ಇಳಿದಾಗ ಗಾಳಿ ತೆಳುವಾಗುತ್ತದೆ, ಒಂದು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ತಗ್ಗುತ್ತದೆ. ಕುದುರೆಮುಖದ ತುದಿಯಲ್ಲಿ ನಿಮಗೆ ಪಣಂಬೂರಿನ ಉಸಿರಿನ ಶೇ 80ರಷ್ಟು ಸಿಗುತ್ತಿತ್ತು. ಮೊದಲ ರಾತ್ರಿ ತಂಗುವ ನಿಚ್‌ನಾಯ್‌ನ ಸುಮಾರು 3,500 ಮೀಟರಿನಲ್ಲಿ ಅದು ಶೇ 65ಕ್ಕೆ ಇಳಿಯುತ್ತದೆ, ದಾರಿಯ ಅತಿ ಎತ್ತರದ ಜಾಗವಾದ ಗಡ್‌ಸರ್ ಪಾಸ್‌ನಲ್ಲಿ, ಸುಮಾರು 4,200 ಮೀಟರಿನಲ್ಲಿ, ಶೇ 60ರ ಆಸುಪಾಸಿಗೆ ಬರುತ್ತದೆ. ಕುದುರೆಮುಖವನ್ನು ಹತ್ತಿ ಸಂಜೆಗೆ ಕೆಳಗಿಳಿದು ಮನೆಯಲ್ಲಿ ಮಲಗಿದವರು ನಾವು. ಇಲ್ಲಿ ಆ ತೆಳುಗಾಳಿಯಲ್ಲೇ ಐದಾರು ರಾತ್ರಿ ಮಲಗಬೇಕು, ಮತ್ತು ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಲಗಿದಾಗಲೇ.

ಇದರ ಒಳಗುಟ್ಟನ್ನು ತುಸು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ತಿಳಿದಿದ್ದರೆ ಅಲ್ಲಿ ಆಗುವ ಅರ್ಧ ಗಾಬರಿ ತಪ್ಪುತ್ತದೆ. ಆಮ್ಲಜನಕ ಸಾಲದೆ ಹೋದಾಗ ದೇಹ ಬೇಗಬೇಗನೆ ಉಸಿರಾಡತೊಡಗುತ್ತದೆ. ಬೇಗ ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ಆ ಇಂಗಾಲದ ಡೈಆಕ್ಸೈಡನ್ನೇ ಮುಖ್ಯವಾಗಿ ಗಮನಿಸುವುದರಿಂದ, ನಿದ್ದೆಯಲ್ಲಿ ಅದು ಉಸಿರನ್ನು ತಡೆಹಿಡಿಯುತ್ತದೆ, ಆಮ್ಲಜನಕ ತೀರಾ ಕುಸಿದಾಗ ಮತ್ತೆ ಜೋರಾಗಿ ಎಳೆಯುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಹೋದಾಗ, ಎರಡನೆಯ ರಾತ್ರಿ ಟೆಂಟಿನಲ್ಲಿ ನನ್ನ ಪಕ್ಕ ಮಲಗಿದ್ದ ಗೆಳೆಯನ ಉಸಿರು ಇದ್ದಕ್ಕಿದ್ದಂತೆ ನಿಂತಿತು. ನಾನು ಕತ್ತಲಲ್ಲಿ ಎಣಿಸುತ್ತಾ ಹೋದೆ. ಒಂದು, ಎರಡು, ಹತ್ತರವರೆಗೆ ಬಂದರೂ ಸದ್ದಿಲ್ಲ. ಹನ್ನೆರಡಕ್ಕೆ ಅವನು ನೀರಿನಿಂದ ಮೇಲೆದ್ದವನಂತೆ ಉಸಿರೆಳೆದುಕೊಂಡ, ನಾಲ್ಕಾರು ದೀರ್ಘ ಉಸಿರು ತೆಗೆದ, ಮತ್ತೆ ಮೌನ. ಬೆಳಗಿನವರೆಗೂ ಹೀಗೇ. ಅವನಿಗೆ ಇದಾವುದೂ ನೆನಪಿರಲಿಲ್ಲ, ನಿದ್ದೆ ಸರಿಯಾಗಲಿಲ್ಲ ಎಂದಷ್ಟೇ ಹೇಳಿದ. ಆ ಎತ್ತರದಲ್ಲಿ ಇದು ಸಾಮಾನ್ಯ ಎಂಬುದು ಆಗ ನನಗೆ ಗೊತ್ತಿದ್ದಿದ್ದರೆ ನಾನೂ ಆ ರಾತ್ರಿ ಸ್ವಲ್ಪ ಕಣ್ಣು ಮುಚ್ಚುತ್ತಿದ್ದೆ.

ಈ ಅಡಚಣೆಯನ್ನು ಸರಿಪಡಿಸುವ ಕೆಲಸ ಮೂತ್ರಪಿಂಡಗಳದ್ದು. ರಕ್ತದಲ್ಲಿ ಹೆಚ್ಚಾದ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಅವು ಮೂತ್ರದ ಮೂಲಕ ಹೊರಹಾಕುತ್ತವೆ, ಹಾಗಾಗಿಯೇ ಎತ್ತರದಲ್ಲಿ ಮೊದಮೊದಲು ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಮತ್ತು ಹಾಗೆ ಹೋಗಬೇಕಾಗುವುದು ಒಳ್ಳೆಯ ಲಕ್ಷಣ. ಇದಕ್ಕೆ ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ನೀವು ಎಷ್ಟೇ ಗಟ್ಟಿಗರಾಗಿದ್ದರೂ ಈ ದಿನಗಳನ್ನು ಗಂಟೆಗಳಾಗಿ ಕುಗ್ಗಿಸಲು ಬರುವುದಿಲ್ಲ. ದಿನಾ ಹತ್ತು ಕಿಲೋಮೀಟರ್ ಓಡುವವನಿಗೂ, ಓಡದವನಿಗೂ ಮೂತ್ರಪಿಂಡ ಕೇಳುವ ಸಮಯ ಒಂದೇ. ಎತ್ತರದ ಕಾಯಿಲೆ ಯಾರಿಗೆ ಬರುತ್ತದೆ ಎಂಬುದು ದೇಹದಿಂದ ದೇಹಕ್ಕೆ ಬೇರೆಯಾಗುತ್ತದೆ, ವ್ಯಾಯಾಮದಿಂದ ಅದು ತಪ್ಪುವುದಿಲ್ಲ. ಕಡಲ ಬದಿಯವರೆಂದು ನೀವು ಅಂಜಬೇಕಾಗಿಯೂ ಇಲ್ಲ, ಏಕೆಂದರೆ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನವರಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಮುನ್ನಡೆಯೇನೂ ಇರುವುದಿಲ್ಲ.

ಈಗ ದಾರಿಯ ಸ್ವಭಾವಕ್ಕೆ ಬರೋಣ. ಒಟ್ಟು 70 ಕಿಲೋಮೀಟರಿಗೂ ಹೆಚ್ಚು ನಡಿಗೆ. ಸೋನಾಮಾರ್ಗ್‌ನಿಂದ ನಿಚ್‌ನಾಯ್, ಅಲ್ಲಿಂದ ಪಾಸ್ ದಾಟಿ ವಿಷನ್‌ಸರ್ ಸರೋವರ, ಅದರ ಮೇಲಿನ ಕಿಷನ್‌ಸರ್, ಗಡ್‌ಸರ್ ಪಾಸ್, ಗಡ್‌ಸರ್ ಸರೋವರ, ಸತ್‌ಸರ್, ಝಾಜ್ ಪಾಸ್, ಹರ್ಮುಖ್ ಪರ್ವತದ ಬುಡದ ಗಂಗಾಬಲ್ ಮತ್ತು ನಂದ್‌ಕೋಲ್, ಕೊನೆಗೆ ನಾರಾನಾಗ್. ಗಡಿ ನಿಯಂತ್ರಣ ರೇಖೆಗೆ ಹತ್ತಿರವಾದ ಪ್ರದೇಶವಾದ್ದರಿಂದ ನಡುವೆ ಸೇನೆಯವರು ಗುರುತಿನ ಚೀಟಿ ಪರಿಶೀಲಿಸುತ್ತಾರೆ, ಮೂಲ ಪ್ರತಿಯನ್ನೇ ಇಟ್ಟುಕೊಂಡಿರಿ.

ಪಾಸ್ ಎಂದರೆ ಎರಡು ಶಿಖರಗಳ ನಡುವೆ, ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಲು ಸಿಗುವ ತಗ್ಗು. ಇದನ್ನು ನಮ್ಮ ಘಾಟಿಯೆಂದು ತಿಳಿಯಬಾರದು. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತಿದರೆ ಮೇಲೆ ಮಲೆನಾಡು ಸಿಗುತ್ತದೆ, ಸಾಕೆನಿಸಿದರೆ ತಿರುಗಿ ಇಳಿದರೆ ಊರು. ಪಾಸ್ ಹಾಗಲ್ಲ. ಅದನ್ನು ದಾಟಿ ಆಚೆ ಇಳಿದ ಮೇಲೆ ಹಿಂದಿರುಗಬೇಕಾದರೆ ಮತ್ತೆ ಅದನ್ನೇ ಹತ್ತಬೇಕು. ಎತ್ತರದ ಕಾಯಿಲೆಗೆ ಖಚಿತವಾದ ಮದ್ದು ಕೆಳಗಿಳಿಯುವುದು. ಆದರೆ ವಿಷನ್‌ಸರ್‌ನಲ್ಲಿ ಕಾಯಿಲೆ ಬಿದ್ದವನು ಕೆಳಗಿನ ಸೋನಾಮಾರ್ಗ್ ತಲುಪಲು ಮೊದಲು 4,000 ಮೀಟರ್ ಮೀರಿದ ನಿಚ್‌ನಾಯ್ ಪಾಸ್ ಹತ್ತಬೇಕು. ಗಡ್‌ಸರ್ ಪಾಸ್ ದಾಟಿದ ಮೇಲಂತೂ ಹಿಂದೆ ಎರಡು ಪಾಸ್, ಮುಂದೆ ಒಂದು. ಈ ಚಾರಣದ ನಿಜವಾದ ಕಷ್ಟ ಇದೇ ಎಂದು ನನ್ನ ಅಭಿಪ್ರಾಯ. ಇಳಿಜಾರುಗಳು, ಬಂಡೆಗಳು, ತಣ್ಣೀರಿನ ತೊರೆಗಳು, ಇವೆಲ್ಲ ಕುಮಾರಪರ್ವತ ಹತ್ತಿದ ಕಾಲಿಗೆ ಹೊಸತಲ್ಲ.

ಆದ್ದರಿಂದ ವಿಷನ್‌ಸರ್‌ನಲ್ಲಿ ಒಂದು ಇಡೀ ದಿನ ನಿಲ್ಲಬೇಕು, ಮತ್ತು ಆ ದಿನವನ್ನು ತೀರ್ಮಾನದ ದಿನವೆಂದು ತಂಡದವರೆಲ್ಲ ಮೊದಲೇ ಒಪ್ಪಿಕೊಂಡಿರಬೇಕು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಮಣಿಪಾಲದ ಹುಡುಗನೊಬ್ಬ ನಿಚ್‌ನಾಯ್‌ಗೆ ಎಲ್ಲರಿಗಿಂತ ಒಂದೂವರೆ ಗಂಟೆ ಮೊದಲೇ ತಲುಪಿ ಕೂತಿದ್ದ. ಮರುದಿನ ವಿಷನ್‌ಸರ್‌ನಲ್ಲಿ ಅವನು ತಟ್ಟೆಯಲ್ಲಿ ಅನ್ನ ಕಲಸಿಟ್ಟು, ಎರಡು ತುತ್ತು ಬಾಯಿಗಿಟ್ಟು, ಉಳಿದದ್ದನ್ನು ಟೆಂಟಿನ ಹಿಂದೆ ಹೋಗಿ ಚೆಲ್ಲಿದ. ಕೇಳಿದರೆ ಗ್ಯಾಸ್ಟ್ರಿಕ್ ಎಂದ. ನಮ್ಮೂರಿನಲ್ಲಿ ಎಲ್ಲ ನೋವಿಗೂ ಆ ಹೆಸರು ಸಿದ್ಧವಾಗಿರುತ್ತದೆ. ಬೆಟ್ಟದ ಮೇಲೆ ತಲೆನೋವಿನ ಜೊತೆಗೆ ಊಟ ಬೇಡವೆನಿಸುವುದು, ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಾದರೂ ಕಂಡರೆ, ಬೇರೆ ಕಾರಣ ಗಟ್ಟಿಯಾಗುವ ತನಕ ಎತ್ತರದ ಕಾಯಿಲೆಯೆಂದೇ ತಿಳಿಯಬೇಕು. ಸಾಮಾನ್ಯವಾಗಿ ಹೊಸ ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ಇದು ತಲೆದೋರುತ್ತದೆ. ತನ್ನಿಂದ ಎಲ್ಲರಿಗೂ ತೊಂದರೆಯಾಗಬಾರದೆಂದು ಅವನು ತಲೆನೋವನ್ನು ಮುಚ್ಚಿಟ್ಟಿದ್ದ. ಮಾರ್ಗದರ್ಶಿ ಅವನನ್ನು ಇಡೀ ದಿನ ಅಲ್ಲೇ ಉಳಿಸಿ, ಬಿಸಿ ಗಂಜಿ ಕುಡಿಸಿ, ಸಂಜೆಯ ಹೊತ್ತಿಗೆ ತಲೆನೋವು ಪೂರ್ತಿ ಹೋದ ಮೇಲೆಯೇ ಮುಂದಿನ ಮಾತೆತ್ತಿದರು. ಮರುದಿನ ಗಡ್‌ಸರ್ ಪಾಸಿನ ಏರಿನಲ್ಲಿ ತಿರುಗಿ ನೋಡಿದಾಗ, ವಿಷನ್‌ಸರ್ ಮತ್ತು ಕಿಷನ್‌ಸರ್ ಎರಡೂ ಒಂದರ ಪಕ್ಕ ಒಂದು ನೀಲಿಯಾಗಿ ಹರಡಿಕೊಂಡಿದ್ದವು, ಅವನು ನನ್ನ ಹಿಂದೆಯೇ ಇದ್ದ.

ತಲೆನೋವು ಇರುವಾಗ ಮೇಲೇರಬಾರದು, ಹೆಚ್ಚುತ್ತಿದ್ದರೆ ಇಳಿಯಬೇಕು. ಕುಳಿತಲ್ಲೇ ಏದುಸಿರು, ನಿಲ್ಲದ ಕೆಮ್ಮು, ಮಾತಿನಲ್ಲಿ ಗೊಂದಲ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿರುವುದು ಕಂಡರೆ ಬೆಳಗಾಗಲೆಂದು ಕಾಯಬಾರದು. ಶ್ವಾಸಕೋಶದಲ್ಲಿ ನೀರು ತುಂಬುವ, ಮಿದುಳು ಬಾತುಕೊಳ್ಳುವ ಆ ಸ್ಥಿತಿಗಳು ಜೀವಕ್ಕೇ ಅಪಾಯ.

ಮಾತ್ರೆಯ ವಿಷಯವನ್ನೂ ಹಲವರು ಕೇಳುತ್ತಾರೆ. ಅಸಿಟಜೋಲಮೈಡ್, ಅಂದರೆ ಡೈಯಾಮಾಕ್ಸ್, ಮೇಲೆ ಹೇಳಿದ ಮೂತ್ರಪಿಂಡಗಳ ಕೆಲಸವನ್ನೇ ಬೇಗ ಮಾಡಿಸುತ್ತದೆ, ನೋವನ್ನು ಮರೆಮಾಚುವ ಔಷಧಿ ಅದಲ್ಲ. ತಡೆಗಾಗಿ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಹತ್ತುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಿಗಳಿಂದ ಅಲರ್ಜಿ ಆದವರೂ ಬೇರೆ ಮಾತ್ರೆ ನುಂಗುತ್ತಿರುವವರೂ ಇರುವುದರಿಂದ ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಬೇಡಿ. ನಿದ್ದೆ ಮಾತ್ರೆ ಮತ್ತು ಮದ್ಯ ಎರಡೂ ರಾತ್ರಿಯ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ, ಬೇಡವೇ ಬೇಡ. ಕರ್ಪೂರ ಮೂಸುವುದರಿಂದ ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ.

ಇನ್ನು ಕರಾವಳಿಯವರಿಗೇ ವಿಶೇಷವಾದ ಎರಡು ತೊಡಕುಗಳಿವೆ. ಈ ಚಾರಣದ ಕಾಲ ಜುಲೈಯಿಂದ ಸೆಪ್ಟೆಂಬರ್, ಅಂದರೆ ನಮಗೆ ಆಟಿ ಮತ್ತು ಸೋಣದ ಮಳೆ. ಅಲ್ಲಿ ಹುಲ್ಲುಗಾವಲು ಹೂಬಿಡುವ ಹೊತ್ತಿಗೆ ಇಲ್ಲಿ ಗುಡ್ಡ ಹತ್ತಿ ಅಭ್ಯಾಸ ಮಾಡುವಂತಿಲ್ಲ. ಮಳೆ ಹಿಡಿಯುವ ಮೊದಲು, ಏಪ್ರಿಲ್‌ನಿಂದಲೇ ಆರಂಭಿಸಿ, ಜೂನ್ ನಂತರ ಬಹುಮಹಡಿ ಕಟ್ಟಡದ ಮೆಟ್ಟಿಲುಗಳಿಗೆ ಬನ್ನಿ. ಹತ್ತುವುದಕ್ಕಿಂತ ಇಳಿಯುವ ಅಭ್ಯಾಸಕ್ಕೆ ಹೆಚ್ಚು ಗಮನ ಕೊಡಿ, ಬೆನ್ನಿಗೆ ಏಳೆಂಟು ಕಿಲೋ ಭಾರವಿರಲಿ. ಕೊನೆಯ ದಿನ ಗಂಗಾಬಲ್‌ನಿಂದ ನಾರಾನಾಗ್‌ಗೆ ಒಂದೇ ಹೊತ್ತಿನಲ್ಲಿ 1,400 ಮೀಟರಿಗೂ ಹೆಚ್ಚು ಇಳಿಯಬೇಕಾಗುತ್ತದೆ, ಮೊಣಕಾಲು ಮಾತಾಡುವುದು ಆಗಲೇ.

ಎರಡನೆಯದು ಬೂಟು. ಕಪಾಟಿನಲ್ಲಿ ಎರಡು ಮಳೆಗಾಲ ಕಳೆದ ಬೂಟನ್ನು ನಂಬಬೇಡಿ. ಅಟ್ಟೆಯ ಒಳಪದರದಲ್ಲಿ ಬಳಸುವ ಪಾಲಿಯುರೆಥೇನ್ ನಮ್ಮ ಹವೆಯ ತೇವಕ್ಕೆ ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ, ಹೊರಗಿನಿಂದ ನೋಡಿದರೆ ಹೊಸತರಂತೆಯೇ ಇರುತ್ತದೆ. ಝಾಜ್ ಪಾಸಿನ ಇಳಿಜಾರಿನಲ್ಲಿ ನಮ್ಮ ಜೊತೆಯವರೊಬ್ಬರ ಅಟ್ಟೆ ಬಾಯಿಬಿಟ್ಟಿತು. ಬೆರಳಿನಿಂದ ಒತ್ತಿದರೆ ಒಳಗಿನ ಪದರ ಒಣಗಿದ ರಸ್ಕಿನಂತೆ ಪುಡಿಪುಡಿಯಾಗಿ ಕೈಗೆ ಬರುತ್ತಿತ್ತು. ಕುದುರೆಯವನು ಹೇರಿನ ಹಗ್ಗದ ತುಂಡಿನಿಂದ ಅದನ್ನು ಪಾದಕ್ಕೆ ಕಟ್ಟಿಕೊಟ್ಟ, ಹಾಗೆಯೇ ಎರಡು ದಿನ ನಡೆದರು. ಹೊರಡುವ ಮುನ್ನ ಅದೇ ಬೂಟಿನಲ್ಲಿ ಕನಿಷ್ಠ ನಲವತ್ತು ಐವತ್ತು ಕಿಲೋಮೀಟರ್ ನಡೆದು ನೋಡಿ.

ಊಟದ ಬಗ್ಗೆ ಒಂದು ಮಾತು. ವಿಷನ್‌ಸರ್‌ನ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ನಮ್ಮ ಕುಚ್ಚಲಕ್ಕಿ ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಯುವುದೇ ಇಲ್ಲ ಎನ್ನಬಹುದು, ಕುಕ್ಕರ್ ಬೇಕು. ಬೆಳ್ತಿಗೆ ಅಕ್ಕಿಯ ತೆಳ್ಳನೆ ಗಂಜಿಗೆ ಮಿಡಿ ಉಪ್ಪಿನಕಾಯಿ ಇದ್ದರೆ ಹಸಿವೆ ಸತ್ತ ಬಾಯಿಗೂ ಎರಡು ಲೋಟ ಇಳಿಯುತ್ತದೆ, ನಮಗೆ ಇಳಿದಿದೆ.

ಐವತ್ತು ದಾಟಿದ ಇಬ್ಬರು ಧೈರ್ಯವಾಗಿ ಬರಬಹುದು. ವಯಸ್ಸು ಹೆಚ್ಚಾದ ಮಾತ್ರಕ್ಕೆ ಎತ್ತರದ ಕಾಯಿಲೆ ಹೆಚ್ಚುವುದಿಲ್ಲ, ನಿಧಾನವಾಗಿ ನಡೆಯುವ ಅಭ್ಯಾಸ ಅವರಿಗೆ ಅನುಕೂಲವೇ. ಹೃದಯ, ರಕ್ತದೊತ್ತಡ, ಸಕ್ಕರೆ ಇವುಗಳನ್ನು ಮಾತ್ರ ಎರಡು ತಿಂಗಳು ಮೊದಲೇ ತೋರಿಸಿ, ವೈದ್ಯರಿಗೆ 4,200 ಮೀಟರ್ ಎಂಬ ಅಂಕಿಯನ್ನು ಸ್ಪಷ್ಟವಾಗಿ ಹೇಳಿ. ದಾರಿಯಲ್ಲಿ ಆ ಇಬ್ಬರನ್ನು ಮುಂದಿಟ್ಟು ಉಳಿದ ಏಳು ಮಂದಿ ಅವರ ಹಿಂದೆ ನಡೆಯಿರಿ, ಆಗ ಎಲ್ಲರ ವೇಗವೂ ಇರಬೇಕಾದಷ್ಟೇ ಇರುತ್ತದೆ.

ಮುಂಗಡ ಕೊಡುವ ಮೊದಲು ಚಾರಣ ನಡೆಸುವವರ ಬಳಿ ದಿನವಾರು ಪಟ್ಟಿ ಕೇಳಿ ನೋಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದೆಂಬುದು ಪರ್ವತವೈದ್ಯರ ಸಲಹೆ. ಸೋನಾಮಾರ್ಗ್‌ನಿಂದ ನಿಚ್‌ನಾಯ್‌ಗೆ ಮೊದಲ ದಿನವೇ 700-800 ಮೀಟರ್ ಏರಬೇಕಿರುವುದರಿಂದ ಅದಕ್ಕೆ ಮೊದಲು ಸೋನಾಮಾರ್ಗ್‌ನಲ್ಲಿ ಎರಡು ರಾತ್ರಿ, ಆಮೇಲೆ ವಿಷನ್‌ಸರ್‌ನಲ್ಲಿ ಎರಡು ರಾತ್ರಿ ಬೇಕು. ಬೆಳಿಗ್ಗೆ ಬಜ್ಪೆಯಲ್ಲಿ ವಿಮಾನ ಹತ್ತಿ, ಮರುದಿನವೇ ನಿಚ್‌ನಾಯ್‌ನಲ್ಲಿ ಮಲಗಿಸುವ ಪಟ್ಟಿ ಎಷ್ಟು ಅಗ್ಗವಾಗಿದ್ದರೂ ಬಿಟ್ಟುಬಿಡಿ, ಸೋನಾಮಾರ್ಗ್ ಮತ್ತು ವಿಷನ್‌ಸರ್‌ನಲ್ಲಿ ನಿಲ್ಲುವ ಆ ಎರಡು ದಿನಗಳ ರಜೆಯನ್ನು ಈಗಲೇ ಬರೆದು ಕೊಡಿ.