ದಾಖಲೆಗೂ ಪರೀಕ್ಷೆ ಉಂಟು

ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸಾಫ್ಟ್‌ವೇರ್ ಪರೀಕ್ಷೆಯನ್ನೇ ವೃತ್ತಿ ಮಾಡಿಕೊಂಡವರು ಬೆಂಗಳೂರಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಆದರೂ ಆ ಕೆಲಸದ ಬಗ್ಗೆ ಬೇರೂರಿರುವ ಕಲ್ಪನೆ ಒಂದೇ: ಸ್ಪೆಕ್‌ನಲ್ಲಿ, ಎಂದರೆ ಪ್ರೋಗ್ರಾಮ್ ಹೇಗೆ ನಡೆಯಬೇಕೆಂದು ಹೇಳುವ ದಾಖಲೆಯಲ್ಲಿ, ಬರೆದದ್ದು ವೇದವಾಕ್ಯ, ಪ್ರೋಗ್ರಾಮ್ ಅದರಂತೆ ನಡೆಯದಿದ್ದರೆ ಬಗ್. ಸ್ಪೆಕ್ಕೇ ತಪ್ಪಾಗಿದ್ದರೆ ಏನು ಗತಿ ಎಂದು ಕೇಳುವವರು ವಿರಳ. ಕೇಳಿದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ‘ಅದು ನಮ್ಮ ಟೀಮಿನ ಕೆಲಸವಲ್ಲ’ ಎಂಬುದು.

ಅದನ್ನೇ ಕೆಲಸವಾಗಿ ಮಾಡಲೇಬೇಕಾದ ಸಂದರ್ಭ ಮೈಕ್ರೋಸಾಫ್ಟ್‌ಗೆ ಒದಗಿತು. ಅಮೆರಿಕದ ಏಕಸ್ವಾಮ್ಯ ಮೊಕದ್ದಮೆಯ 2002ರ ತೀರ್ಪು ಮತ್ತು ಯುರೋಪಿಯನ್ ಕಮಿಷನ್ನಿನ 2004ರ ಆದೇಶ, ಎರಡೂ ವಿಂಡೋಸ್ ಯಂತ್ರಗಳು ತಮ್ಮತಮ್ಮೊಳಗೆ ಬಳಸುವ ಪ್ರೋಟೋಕಾಲ್‌ಗಳ (ಸಂದೇಶ ವಿನಿಮಯದ ನಿಯಮಗಳ) ವಿವರವನ್ನು ಹೊರಗಿನವರಿಗೂ ಒದಗಿಸಬೇಕೆಂದು ವಿಧಿಸಿದವು. ಒದಗಿಸಿದ ವಿವರ ಪೂರ್ಣವೂ ಅಲ್ಲ, ನಿಖರವೂ ಅಲ್ಲವೆಂದು ಕಮಿಷನ್ 2006ರ ಜುಲೈನಲ್ಲಿ 28.05 ಕೋಟಿ ಯೂರೋ ದಂಡ ಹಾಕಿತು. ವಿಂಡೋಸ್ ಅಷ್ಟರಲ್ಲಿ ಕೋಟ್ಯಂತರ ಯಂತ್ರಗಳಲ್ಲಿ ಓಡುತ್ತಿದ್ದುದರಿಂದ ದಾಖಲೆಗೆ ಹೊಂದಲೆಂದು ಅದನ್ನು ಬದಲಿಸುವಂತಿರಲಿಲ್ಲ. ಹೀಗಾಗಿ ಪ್ರೋಗ್ರಾಮೇ ಪ್ರಮಾಣವಾಗಿ, ದಾಖಲೆಯೇ ಆರೋಪಿಯ ಸ್ಥಾನದಲ್ಲಿ ನಿಂತಿತು. ಸಾವಿರಾರು ಪುಟಗಳ ಆ ದಾಖಲೆಗಳ ಪರಿಶೀಲನೆಗೆ ಬಳಸಿದ ಉಪಕರಣಗಳಲ್ಲೊಂದು ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರೂಪುಗೊಂಡ ಸ್ಪೆಕ್ ಎಕ್ಸ್‌ಪ್ಲೋರರ್.

ವಿಧಾನ ಹೀಗಿದೆ. ದಾಖಲೆಯಲ್ಲಿ ‘ಮಾಡಲೇಬೇಕು’, ‘ಮಾಡಕೂಡದು’ ಎನ್ನುವ ಪ್ರತಿಯೊಂದು ವಾಕ್ಯಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅವುಗಳಿಂದ ಪ್ರೋಟೋಕಾಲಿನ ಒಂದು ಚಿಕ್ಕ ಮಾದರಿಯನ್ನು ಬರೆಯುತ್ತಾರೆ: ಯಾವ ಸ್ಥಿತಿಯಲ್ಲಿ ಯಾವ ಸಂದೇಶ ಬಂದರೆ ಏನು ಉತ್ತರ ಹೋಗಬೇಕು, ಮುಂದಿನ ಸ್ಥಿತಿ ಯಾವುದು, ಇಷ್ಟೇ. ಮಾದರಿ ಬರೆಯುವವರು ಮೂಲ ಕೋಡನ್ನು ಕಣ್ಣೆತ್ತಿಯೂ ನೋಡಬಾರದು. ನೋಡಿದರೆ ದಾಖಲೆ ಹೇಳದೆ ಬಿಟ್ಟದ್ದನ್ನು ಕೋಡ್ ಹೇಳಿಬಿಡುತ್ತದೆ, ದಾಖಲೆಯ ದೋಷ ಮುಚ್ಚಿಹೋಗುತ್ತದೆ.

ಈ ಬರವಣಿಗೆಯ ಹಂತದಲ್ಲಿಯೇ, ಒಂದು ಪರೀಕ್ಷೆಯನ್ನೂ ಓಡಿಸುವ ಮೊದಲೇ, ತಪ್ಪುಗಳು ಹೊರಬೀಳತೊಡಗುತ್ತವೆ. ಎರಡು ಕಂಪ್ಯೂಟರುಗಳ ನಡುವೆ ಸಂಪರ್ಕ ಕಟ್ಟಿ ದತ್ತವನ್ನು ಸಾಗಿಸುವ ಪ್ರೋಟೋಕಾಲ್, ಇಂಟರ್‌ನೆಟ್ಟಿನ ಬೆನ್ನೆಲುಬಾದ ಟಿಸಿಪಿಯನ್ನೇ ನೋಡಿ. 2022ರವರೆಗೆ ಅದರ ದಾಖಲೆಯಾಗಿದ್ದ ಆರ್‌ಎಫ್‌ಸಿ 793 (ಇಂಟರ್‌ನೆಟ್ಟಿನ ನಿಯಮಗಳು ಪ್ರಕಟವಾಗುವ ದಾಖಲೆಮಾಲೆಯೇ ಆರ್‌ಎಫ್‌ಸಿ) ಪ್ರಕಟವಾದದ್ದು 1981ರ ಸೆಪ್ಟೆಂಬರಿನಲ್ಲಿ. ಅದರಲ್ಲಿ ಸಂಪರ್ಕದ ಹನ್ನೊಂದು ಸ್ಥಿತಿಗಳನ್ನು ಬಾಣಗಳಿಂದ ಜೋಡಿಸಿದ ಒಂದು ಪ್ರಸಿದ್ಧ ಚಿತ್ರವಿದೆ. ಕಂಪ್ಯೂಟರ್ ವಿಜ್ಞಾನ ಓದಿದವರಲ್ಲಿ ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡದವರು ಕಡಿಮೆ. ಎರಡೂ ಬದಿಯವರು ಒಮ್ಮೆಲೇ ಸಂಪರ್ಕ ಕೋರಿ ‘ಸಿನ್’ ಕಳಿಸಿದಾಗ ಏನು ಉತ್ತರಿಸಬೇಕು? ಚಿತ್ರದ ಪ್ರಕಾರ ‘ಆ್ಯಕ್’ (ತಲುಪಿತೆಂಬ ಉತ್ತರ) ಮಾತ್ರ. ಅದೇ ದಾಖಲೆಯ 68ನೇ ಪುಟದ ಪ್ರಕಾರ ‘ಸಿನ್’ ಮತ್ತು ‘ಆ್ಯಕ್’ ಎರಡೂ. ಓದುಗನ ಕಣ್ಣು ಇಂಥ ವಿರೋಧವನ್ನು ಜಾರಿಸಿಬಿಡುತ್ತದೆ. ಮಾದರಿ ಬರೆಯುವವನಾದರೋ ಆ ಒಂದು ಬಾಣಕ್ಕೆ ಒಂದೇ ಉತ್ತರವನ್ನು ಬರೆಯಬೇಕಾದ್ದರಿಂದ ಅಲ್ಲೇ ನಿಲ್ಲಲೇಬೇಕು. ಚಿತ್ರ ತಪ್ಪೆಂದು ಆರ್‌ಎಫ್‌ಸಿ 1122 ಬರಹದಲ್ಲಿ ಒಪ್ಪಿಕೊಂಡದ್ದು 1989ರ ಅಕ್ಟೋಬರಿನಲ್ಲಿ.

ಮಾದರಿ ಸಿದ್ಧವಾದ ಮೇಲೆ ಉಪಕರಣವು ಅದನ್ನು ಬಿಡಿಸಿ, ಸ್ಥಿತಿಗಳೇ ಬಿಂದುಗಳಾಗಿ, ಸಂದೇಶಗಳೇ ಬಾಣಗಳಾಗಿ ಒಂದು ಜಾಲವನ್ನು ಹೆಣೆಯುತ್ತದೆ. ಪರೀಕ್ಷೆ ಪ್ರತಿ ಬಾಣವನ್ನೂ ಮುಟ್ಟಬೇಕು, ಆದ್ದರಿಂದ ಇಲ್ಲಿಂದ ಮುಂದಿನದು ಮಲ್ಲೇಶ್ವರದ ಪೋಸ್ಟ್‌ಮ್ಯಾನ್‌ನ ಸಮಸ್ಯೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, ಅವುಗಳ ನಡುವಿನ ಕ್ರಾಸ್‌ಗಳು, ಎಲ್ಲವನ್ನೂ ಒಮ್ಮೆಯಾದರೂ ತುಳಿದು, ನಡೆದದ್ದನ್ನೇ ಮತ್ತೆ ನಡೆಯುವುದನ್ನು ಆದಷ್ಟು ತಪ್ಪಿಸಿ, ಹೊರಟ ಅಂಚೆ ಕಚೇರಿಗೆ ಮರಳುವುದು ಹೇಗೆ? ಯಾವ ರಸ್ತೆಯನ್ನೂ ಎರಡು ಸಲ ತುಳಿಯದೆ ಇದು ಸಾಧ್ಯವಾಗಬೇಕಾದರೆ ಪ್ರತಿ ಕೂಡುರಸ್ತೆಯಲ್ಲೂ ಸಮಸಂಖ್ಯೆಯ ದಾರಿಗಳಿರಬೇಕು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಒಗಟನ್ನು ಬಿಡಿಸುತ್ತ ಗಣಿತಜ್ಞ ಆಯ್ಲರ್ 1736ರಲ್ಲಿ ಹಿಡಿದ ಸೂತ್ರ ಇದೇ. ಊರುಗಳು ಆಯ್ಲರನಿಗಾಗಿ ಕಟ್ಟಿದವಲ್ಲ. ಆದ್ದರಿಂದ ಕೆಲವು ರಸ್ತೆಗಳನ್ನು ಮರುತುಳಿಯಲೇಬೇಕು, ಯಾವುವನ್ನು ತುಳಿದರೆ ದೂರ ಕಡಿಮೆ ಎಂಬ ಪ್ರಶ್ನೆಯನ್ನು 1960ರಲ್ಲಿ ಚೀನಾದ ಗಣಿತಜ್ಞ ಗುವಾನ್ ಮೇಗು ಎತ್ತಿಕೊಂಡರು. ಪ್ರೋಟೋಕಾಲಿನಲ್ಲಿ ರಸ್ತೆಗಳೆಲ್ಲ ಒನ್‌ವೇ: ಪ್ರತಿ ಬಿಂದುವಿಗೂ ಬರುವ ಬಾಣಗಳಷ್ಟೇ ಹೋಗುವ ಬಾಣಗಳೂ ಇರಬೇಕು, ಇಲ್ಲದಿದ್ದಲ್ಲಿ ಕೊರತೆಯನ್ನು ಮರುನಡಿಗೆಯಿಂದ ತುಂಬಬೇಕು. ಹೀಗೆ ಸಿಕ್ಕ ನಡಿಗೆಯನ್ನು ತುಂಡರಿಸಿದರೆ ಒಂದೊಂದು ತುಂಡೂ ಒಂದು ಟೆಸ್ಟ್ ಕೇಸ್. ಎಷ್ಟು ಸಾವಿರ ಟೆಸ್ಟ್ ಕೇಸ್ ಬರೆದೆವೆಂದು ಬೀಗುವ ಮ್ಯಾನೇಜರುಗಳು, ಯಾವ ಬಾಣ ಇನ್ನೂ ಮುಟ್ಟದೆ ಉಳಿದಿದೆಯೆಂದು ಕೇಳಿದರೆ ಸಾಕಾಗಿತ್ತು.

ಜಾಲ ಸುಲಭವಾಗಿ ಹಿಡಿತಕ್ಕೆ ಸಿಗುವುದೂ ಇಲ್ಲ. ಟಿಸಿಪಿಯಲ್ಲಿ ಬೈಟುಗಳನ್ನು ಎಣಿಸುವ ಕ್ರಮಸಂಖ್ಯೆಯೊಂದೇ 32 ಬಿಟ್ಟಿನದು, ಎಂದರೆ ಸುಮಾರು 429 ಕೋಟಿ ಬೆಲೆಗಳು; ಇದನ್ನು ಹಾಗೆಯೇ ಬಿಡಿಸಹೊರಟರೆ ಯಾವ ಯಂತ್ರಕ್ಕೂ ಮುಗಿಯದು. ಅದಕ್ಕಾಗಿ ‘ಮೊದಲು ಸಂಪರ್ಕ, ನಂತರ ಎರಡೇ ಸಂದೇಶ, ಆಮೇಲೆ ಮುಕ್ತಾಯ’ ಎಂಬಂಥ ಸನ್ನಿವೇಶವನ್ನು ಬರೆದು, ಜಾಲದ ಅಷ್ಟು ಭಾಗವನ್ನು ಮಾತ್ರ ಕತ್ತರಿಸಿಕೊಳ್ಳುತ್ತಾರೆ. ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನ ಪರೀಕ್ಷಕನದೇ.

ಕೊನೆಗೆ ನಿಜವಾದ ಯಂತ್ರದೆದುರು ಓಡಿಸಿದಾಗ ಒಂದು ಬಾಣ ತಾಳೆಯಾಗದಿದ್ದರೆ, ಮಾದರಿ ತಪ್ಪಿರಬಹುದು, ಯಂತ್ರ ತಪ್ಪಿರಬಹುದು, ದಾಖಲೆ ತಪ್ಪಿರಬಹುದು. ಆ ಬಾಣಕ್ಕೆ ಅಂಟಿಸಿದ ಗುರುತಿನ ಸಂಖ್ಯೆ ನೇರವಾಗಿ ದಾಖಲೆಯ ವಾಕ್ಯಕ್ಕೆ ಕರೆದೊಯ್ಯುತ್ತದೆ. ತೀರ್ಪು ಕೊಡುವುದು ಮಾತ್ರ ಮನುಷ್ಯರ ಪಾಲಿನದು, ಅದು ಸುಲಭವೂ ಅಲ್ಲ. ಟಿಸಿಪಿಯ ‘ತುರ್ತು’ ಸೂಚಕವು ತುರ್ತು ದತ್ತದ ಕೊನೆಯ ಬೈಟನ್ನು ತೋರಬೇಕೋ ಅದರ ಮುಂದಿನದನ್ನೋ ಎಂಬ ಬಗ್ಗೆ ಆರ್‌ಎಫ್‌ಸಿ 793ರ 17ನೇ ಪುಟಕ್ಕೂ 56ನೇ ಪುಟಕ್ಕೂ ಹೊಂದಿಕೆಯಿರಲಿಲ್ಲ. ಕೊನೆಯದೇ ಸರಿ ಎಂದು 1989ರಲ್ಲಿ ತೀರ್ಪಾಯಿತು. ಪ್ರೋಗ್ರಾಮ್ ಬರೆಯುವವರು ಹೆಚ್ಚುಕಡಿಮೆ ಎಲ್ಲರೂ ಅದನ್ನು ಕಡೆಗಣಿಸಿ ಮುಂದಿನದನ್ನೇ ತೋರಿಸುತ್ತ ಬಂದರು. 2011ರ ಜನವರಿಯಲ್ಲಿ ಆರ್‌ಎಫ್‌ಸಿ 6093 ದಾಖಲೆಯನ್ನೇ ಪ್ರೋಗ್ರಾಮುಗಳಿಗೆ ತಕ್ಕಂತೆ ತಿದ್ದಿ, ಹೊಸದಾಗಿ ಬರೆಯುವ ಪ್ರೋಗ್ರಾಮುಗಳು ಈ ಸೌಲಭ್ಯವನ್ನು ಬಳಸದಿರುವುದೇ ಒಳ್ಳೆಯದೆಂದು ಸೇರಿಸಿತು.