ಜೆಂಜೆರೋ: ಇಟಲಿಯ ಶುಂಠಿ ಪದದಲ್ಲಿ ನಮ್ಮ ಬೇರು

ಇಟಾಲಿಯನ್‌ನಲ್ಲಿ ಶುಂಠಿಗೆ ಜೆಂಜೆರೋ ಅಂತಾರೆ. ಕೇಳೋಕೆ ಪೂರ್ತಿ ಪರದೇಶಿ ಪದ, ಆದ್ರೆ ಇದರ ಮೂಲ ಹುಡುಕ್ತಾ ಹೋದ್ರೆ ಸೀದಾ ದಕ್ಷಿಣ ಭಾರತಕ್ಕೇ ಬಂದು ನಿಲ್ಲುತ್ತೆ.

ಹಳೇ ಇಟಾಲಿಯನ್‌ನಲ್ಲಿ ಇದು ಜೆಂಜೆವೆರೋ, ಅದಕ್ಕೂ ಮುಂಚೆ ಲ್ಯಾಟಿನ್‌ನಲ್ಲಿ ಜಿಂಗಿಬೆರ್, ಲ್ಯಾಟಿನ್‌ನೋರು ಇದನ್ನ ತಗೊಂಡಿದ್ದು ಗ್ರೀಕ್‌ನ ಜಿಂಗಿಬೆರಿಸ್‌ನಿಂದ, ಗ್ರೀಕರಿಗೆ ಸಿಕ್ಕಿದ್ದು ಪಾಲಿಯ ಸಿಂಗಿವೇರ ಥರದ ಒಂದು ಪ್ರಾಕೃತ ರೂಪ. ಅದರ ಹಿಂದಿರೋದು ದ್ರಾವಿಡ ಪದ. ತಮಿಳು, ಮಲಯಾಳಂನಲ್ಲಿ ಇವತ್ತಿಗೂ ಹಸಿ ಶುಂಠಿ ಅಂದ್ರೆ ಇಂಜಿ, ವೇರ್ ಅಂದ್ರೆ ಬೇರು, ಎರಡೂ ಸೇರಿದ್ರೆ ಇಂಜಿವೇರ್. ಹಿಂದೆ ಇಂಜಿಯ ಮೊದಲಲ್ಲಿ ಚ ಅಥವಾ ಸ ಥರದ ಒಂದು ಧ್ವನಿ ಇತ್ತು, ತಮಿಳಲ್ಲಿ ಬಿದ್ದೋಯ್ತು ಅಂತಾರೆ ಭಾಷಾಶಾಸ್ತ್ರದೋರು. ಇನ್ನು ವೇರ್ ನಮ್ಮಲ್ಲಿ ಬೇರು ಆಗಿದೆ, ವಾಳೈ ಬಾಳೆ ಆದಂಗೆ, ವೆಳ್ಳಿ ಬೆಳ್ಳಿ ಆದಂಗೆ.

ಸಂಸ್ಕೃತದಲ್ಲಿ ಇದೇ ಪದ ಶೃಂಗವೇರ. ಶೃಂಗ ಅಂದ್ರೆ ಕೊಂಬು, ಶುಂಠಿ ನೋಡೋಕೆ ಕೊಂಬಿನ ಥರ ಇರುತ್ತೆ, ಅದಕ್ಕೇ ಈ ಹೆಸರು ಅಂತ ತುಂಬಾ ಜನ ವಿವರಣೆ ಕೊಡ್ತಾರೆ. ನಾವೂ ಶುಂಠಿ ಕೊಂಬು, ಅರಿಶಿನದ ಕೊಂಬು ಅಂತೀವಲ್ಲ, ಹಂಗಾಗಿ ನಂಬೋಕೆ ಸುಲಭ. ಆದ್ರೆ ವಿದ್ವಾಂಸರು ಸಾಮಾನ್ಯವಾಗಿ ಒಪ್ಪೋದು ಬೇರೆ: ಕಿವಿಗೆ ಬಿದ್ದ ದ್ರಾವಿಡ ಪದವನ್ನ ಅರ್ಥ ಆಗೋ ಹಂಗೆ ತಿದ್ದಿಕೊಂಡ ರೂಪ ಇದು. ನಂಗೂ ಇದೇ ಸರಿ ಅನ್ಸುತ್ತೆ, ಯಾಕಂದ್ರೆ ಶೃಂಗ ಹಿಡ್ಕೊಂಡು ಹೊರಟ್ರೆ ಆ ವೇರ ಎಲ್ಲಿಂದ ಬಂತು ಅನ್ನೋದಕ್ಕೆ ನೆಟ್ಟಗೆ ಉತ್ತರ ಸಿಗಲ್ಲ.

ರೋಮ್‌ನೋರಿಗೆ ಶುಂಠಿ ಗಿಡ ನೋಡಿ ಗೊತ್ತಿರ್ಲಿಲ್ಲ, ಒಣಗಿದ ಮಾಲು ಹಡಗಲ್ಲಿ ಬರ್ತಿತ್ತು ಅಷ್ಟೆ. ಅದು ಕರಿಮೆಣಸಿನ ಗಿಡದ ಬೇರು ಅಂತಲೇ ಕೆಲವರು ತಿಳ್ಕೊಂಡಿದ್ರು, 1ನೇ ಶತಮಾನದಲ್ಲಿ ರೋಮ್‌ನ ಲೇಖಕ ಪ್ಲಿನಿ ಅದು ತಪ್ಪು ಅಂತ ಬರೆದಿಟ್ಟಿದ್ದಾನೆ. ಆಮೇಲೆ 14ನೇ ಶತಮಾನದಲ್ಲಿ ಫ್ಲಾರೆನ್ಸ್‌ನ ವ್ಯಾಪಾರಿಗಳು ಶುಂಠಿಯನ್ನ ಊರಿನ ಲೆಕ್ಕದಲ್ಲಿ ವಿಂಗಡಿಸ್ತಿದ್ರು, ಅದರಲ್ಲಿ ಕೊಲೊಂಬಿನೋ ಅನ್ನೋದು ಕೇರಳದ ಕೊಲ್ಲಂ ಶುಂಠಿ.

ಜೆಂಜೆವೆರೋ ಸವೆದು ಜೆಂಜೆರೋ ಆದಾಗ ನಡುವಿನ ವೆ ಹೋಯ್ತು, ಈಗ ನಮ್ಮ ಬೇರಲ್ಲಿ ಉಳಿದಿರೋದು ಬರೀ ರಕಾರ. ಇನ್ನೊಂದು ವಿಷಯ, ಇಟಲಿಯ ಟಸ್ಕನಿ ಪ್ರದೇಶದ ಕಡೆ ಮಾತಲ್ಲಿ ಜೆಂಜೆರೋ ಅಂದ್ರೆ ಖಾರದ ಮೆಣಸಿನಕಾಯಿ ಅಂತಲೂ ಅರ್ಥ ಇದೆ. ಅಲ್ಲಿನ ಲಿವೊರ್ನೊ ಊರಿನ ಕಚುಕ್ಕೊ ಅನ್ನೋ ಮೀನು ಸಾರಿನ ರೆಸಿಪಿಯಲ್ಲಿ ಈ ಪದ ಕಂಡ್ರೆ ಶುಂಠಿ ಹಾಕಬೇಡಿ, ಒಣಮೆಣಸಿನಕಾಯಿ ಹಾಕಿ.